ಗುಟ್ಟು ಇದ್ದದ್ದು ಖರೆ, ಏಲಿಯನ್‌ದಲ್ಲ

ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಕ್ಲಾಸ್ ಮುಗಿದ ಮೇಲೆ ಹುಡುಗರು ಮೇಲಿಂದ ಮೇಲೆ ಕೇಳುವ ಪ್ರಶ್ನೆ: "ಸರ್, ಅಮೆರಿಕಾ ಸರಕಾರ ಏಲಿಯನ್‌ಗಳನ್ನ ಮುಚ್ಚಿಟ್ಟೈತಂತ, ಖರೇನ್ರಿ?" ಸರಕಾರ ಸುಳ್ಳು ಹೇಳುವುದಿಲ್ಲ ಎಂದು ನಾನು ವಾದಿಸುವುದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಸ್‌ವೆಲ್‌ ಎಂಬ ಊರಿನಲ್ಲಿ ನಿಜವನ್ನು ಮುಚ್ಚಿಟ್ಟದ್ದು ಹೌದು.

1947ರ ಜುಲೈ 8ರಂದು ಅಲ್ಲಿಯ ವಾಯುನೆಲೆಯೇ "ಹಾರುವ ತಟ್ಟೆ ಸಿಕ್ಕಿದೆ" ಎಂದು ಪ್ರಕಟಣೆ ಕೊಟ್ಟಿತು. ಅವತ್ತೇ ಮೇಲಧಿಕಾರಿಗಳು ಅದನ್ನು ಹವಾಮಾನದ ಬಲೂನು ಅಂದರು. ಸಿಕ್ಕಿದ್ದಾದರೂ ಏನು? ರಬ್ಬರಿನ ಚೂರು, ಬೆಳ್ಳಿಬಣ್ಣದ ಹಾಳೆ, ತೆಳ್ಳನೆಯ ಕಟ್ಟಿಗೆ ಕಡ್ಡಿ, ಟೇಪು. ಅದು ಮೊಗಲ್ ಎಂಬ ಗುಪ್ತ ಯೋಜನೆಯ ಬಲೂನು ಸರಣಿ ಎಂದು ವಾಯುಪಡೆ ಹೇಳಿದ್ದು 1994ರಲ್ಲಿ. ಸೋವಿಯತ್ ದೇಶ ಅಣುಬಾಂಬು ಸಿಡಿಸಿದರೆ ಅದರ ಸದ್ದಿನ ಅಲೆ ವಾತಾವರಣದ ಮೇಲ್ಪದರದಲ್ಲಿ ಸಾವಿರಾರು ಮೈಲು ಸಾಗುತ್ತದೆ, ಅದನ್ನು ಬಲೂನಿಗೆ ಕಟ್ಟಿದ ಉಪಕರಣದಿಂದ ಹಿಡಿಯಬೇಕು ಎಂಬುದು ಲೆಕ್ಕ. ಎಂಥ ಅದ್ಭುತ ಭೌತಶಾಸ್ತ್ರ! ಸೋವಿಯತ್ ಮೊದಲ ಬಾಂಬು ಸಿಡಿದದ್ದು 1949ರಲ್ಲಿ. ಅದಕ್ಕೆ ಮೊದಲು ಈ ಗುಟ್ಟು ಬಿಟ್ಟುಕೊಡಲು ಅಮೆರಿಕಕ್ಕೆ ಸಾಧ್ಯವೇ ಇರಲಿಲ್ಲ.

ಅಮೆರಿಕದ ಯು-2 ಬೇಹುಗಾರಿಕೆ ವಿಮಾನದ ಕಥೆಯೂ ಹೀಗೇ. 1955ರಲ್ಲಿ ಅದರ ಪರೀಕ್ಷಾ ಹಾರಾಟ ಶುರುವಾದಾಗ ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ 10ರಿಂದ 20 ಸಾವಿರ ಅಡಿಯಲ್ಲಿ ಹಾರುತ್ತಿದ್ದವು. ಯು-2 ಏರಿದ್ದು 60 ಸಾವಿರಕ್ಕೂ ಮೇಲೆ. ಕೆಳಗೆ ಕತ್ತಲಾದರೂ ಅಷ್ಟೆತ್ತರದಲ್ಲಿ ಇನ್ನೂ ಬಿಸಿಲು, ಬೆಳ್ಳಿ ರೆಕ್ಕೆ ಝಗ್ ಎನ್ನುತ್ತಿತ್ತು. ಕೆಳಗಿನ ವಿಮಾನಗಳಿಂದ ನೋಡಿದ ಪೈಲಟ್‌ಗಳು, ಅದು ಏನೆಂದು ತಿಳಿಯದೆ, ಕಂಡದ್ದನ್ನೇ ಹೇಳಿದರು. ಅವರನ್ನು ಹಗುರಾಗಿ ಕಂಡದ್ದು ಅನ್ಯಾಯ.

ಸರಕಾರಗಳು ಮುಚ್ಚಿಡುವುದು ತಾವು ಮಾಡುತ್ತಿರುವ ಕೆಲಸವನ್ನು. ಏನೋ ಮುಚ್ಚಿಟ್ಟಿದ್ದಾರೆ ಎಂಬುದರಿಂದ ಏಲಿಯನ್ ಮುಚ್ಚಿಟ್ಟಿದ್ದಾರೆ ಎಂದಾಗುವುದಿಲ್ಲ. 2023ರಲ್ಲಿ ಮಾಜಿ ಗುಪ್ತಚರ ಅಧಿಕಾರಿ ಡೇವಿಡ್ ಗ್ರುಶ್ ಅಮೆರಿಕದ ಸಂಸತ್ ಸಮಿತಿ ಮುಂದೆ ಪ್ರಮಾಣ ಮಾಡಿ, ಬೇರೆ ಲೋಕದ ವಾಹನಗಳನ್ನು ಸರಕಾರ ಬಚ್ಚಿಟ್ಟಿದೆ ಎಂದರು; ಅದು ಬಹುಪಾಲು ಇತರರಿಂದ ಕೇಳಿದ ಮಾತು. ಅಂಥದ್ದಕ್ಕೆ ಆಧಾರ ಸಿಗಲಿಲ್ಲ ಎಂದು 2024ರ ಮಾರ್ಚಿನಲ್ಲಿ ಅಮೆರಿಕದ ಸೇನಾ ಕೇಂದ್ರ ಕಚೇರಿಯಾದ ಪೆಂಟಗನ್ ವರದಿ ಕೊಟ್ಟಿತು. ತನ್ನ ತನಿಖೆಯನ್ನು ತಾನೇ ಮಾಡಿಕೊಂಡಿತಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಪುರಾವೆ ಒದಗಿಸುವ ಹೊಣೆ ಹೇಳಿದವರ ಮೇಲೇ ಉಳಿಯುತ್ತದೆ. "ಪುರಾವೆ ಸಿಗದಿರುವುದೇ ಪುರಾವೆ" ಎನ್ನುವವರ ಜೊತೆ ಮಾತು ಮುಂದುವರಿಯುವುದಿಲ್ಲ.

2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ದೊಡ್ಡ ಬಲೂನೊಂದು ಮನೆಯ ಮೇಲೆ ಬಿತ್ತು. ಉಪಕರಣದ ಜೊತೆ ಕನ್ನಡದಲ್ಲೇ ಪತ್ರವಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಹೈದರಾಬಾದ್ ಬಲೂನು ಕೇಂದ್ರದ್ದು ಎಂದು ಊರವರಿಗೆ ತಿಳಿಯಿತು. ರಾಸ್‌ವೆಲ್‌ನ ಬಲೂನಿಗೆ ಅಂಥ ಪತ್ರ ಕಟ್ಟುವಂತಿರಲಿಲ್ಲ.

ಬೇರೆ ಲೋಕದಲ್ಲಿ ಜೀವ ಇದೆಯೇ ಎಂದು ತಿಳಿಯುವ ಆಸೆ ನನಗೂ ಇದೆ. ಅದಕ್ಕೇ ಹುಡುಗರಿಗೆ ಹೇಳುತ್ತೇನೆ: ಬೆಳಕು ಕಂಡರೆ ಮೊಬೈಲ್ ಜೂಮ್ ಮಾಡಬೇಡಿ, ಫೋಕಸ್ ತಪ್ಪಿ ಶುಕ್ರಗ್ರಹವೂ ತಟ್ಟೆಯಾಗುತ್ತದೆ. ಗಿಡವೋ ಕಂಬವೋ ಫ್ರೇಮಿನಲ್ಲಿರಲಿ. ಹೊತ್ತು, ದಿಕ್ಕು, ಎಷ್ಟು ಹೊತ್ತು ಕಂಡಿತು, ಸರಿದಾಡಿತೋ ಇಲ್ಲವೋ ಬರೆದುಕೊಳ್ಳಿ. ಸಾಲಾಗಿ ಸಾಗಿದರೆ ಮೊದಲು ಸ್ಟಾರ್‌ಲಿಂಕ್ ಉಪಗ್ರಹಗಳ ವೇಳೆ ನೋಡಿ. ಗದಗಿನ ಕಡೆ ಕೆಂಪಗೆ ಮಿಣುಕುತ್ತಿದ್ದರೆ, ಅಲ್ಲಿ ಗಾಳಿಯಂತ್ರ ಇದೆಯೇ ಎಂದು ಹಗಲು ಹೋಗಿ ನೋಡಿ ಬನ್ನಿ.