ಕಣ್ಣು ತಪ್ಪಿಸಿ ಹೊರಡಬೇಕಾ, ಹೇಳಿ ಹೊರಡಬೇಕಾ?

ಪ್ರಶ್ನೆ: ನನ್ನ ಮಗಳಿಗೆ ಈಗ ಮೂರು ವರ್ಷ ಎರಡು ತಿಂಗಳು. ಮುಂದಿನ ವಾರ ಪ್ರೀ-ಕೆಜಿ ಶುರು. ಮೊದಲ ದಿನ ಅವಳು ಆಟದಲ್ಲಿ ಮುಳುಗಿರುವಾಗ ಮೆಲ್ಲಗೆ ಎದ್ದು ಬಂದುಬಿಡು ಎಂದು ಅತ್ತೆ ಹೇಳುತ್ತಾರೆ. ಹೇಳಿ ಹೊರಟರೆ ಖಂಡಿತ ಅಳುತ್ತಾಳೆ. ಯಾವುದು ಸರಿ?

ಹೇಳಿ ಹೊರಡಿ. ಅಳುತ್ತಾಳೆ. ಆದರೂ ಹೇಳಿಯೇ ಹೊರಡಿ.

ಉತ್ತರ ಇಷ್ಟೇ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮಾವಿನಹಣ್ಣು ಮುಗಿಯುವ ಹೊತ್ತಿಗೆ ಸರಿಯಾಗಿ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಪ್ರತಿ ವರ್ಷ ನಾನು ಇದೇ ಉತ್ತರ ಕೊಡುತ್ತೇನೆ. ಕೇಳಿದವರು ತಲೆ ಆಡಿಸುತ್ತಾರೆ. ಜೂನ್ ಮೊದಲ ವಾರ ನೋಡಿದರೆ ಅವರೇ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂಬಾಗಿಲಿನಿಂದ ಹೊರಟಿರುತ್ತಾರೆ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

'ಕಣ್ಣು ತಪ್ಪಿಸಿ ಹೊರಟರೆ ಮಗು ಬೇಗ ಮರೆಯುತ್ತದೆ' ಎಂಬ ಮಾತು ಯಾಕೆ ಇಷ್ಟು ಗಟ್ಟಿಯಾಗಿ ನಿಂತಿದೆ ಗೊತ್ತಾ? ಅದು ನಿಜಕ್ಕೂ ಕೆಲಸ ಮಾಡುತ್ತದೆ. ಮಗುವಿಗಲ್ಲ, ನಿಮಗೆ. ಅಳು ನಿಮ್ಮ ಕಿವಿಗೆ ಬೀಳುವುದಿಲ್ಲ. ಆಟೋ ಹತ್ತುವಾಗ ಮನಸ್ಸು ಹಗುರ. ಮಧ್ಯಾಹ್ನ ಬಂದಾಗ ಮಗು ಬ್ಯಾಗ್ ಹಾಕಿಕೊಂಡು ಸುಮ್ಮನೆ ಕೂತಿರುತ್ತದೆ. 'ನೋಡಿದ್ರಾ ಮಿಸ್, ಅತ್ತೇ ಇಲ್ಲ!' ಅತ್ತಿದ್ದು ನೀವು ಹೋದ ಮೇಲೆ. ನೋಡಿದ್ದು ನಾನು.

ಬಾಗಿಲ ಈ ಕಡೆ ಏನಾಗುತ್ತದೆ ಹೇಳುತ್ತೇನೆ. ಮಗು ಮಣ್ಣಿನ ಉಂಡೆ ಕಟ್ಟುತ್ತಿರುತ್ತದೆ. ಕಟ್ಟಿದ್ದನ್ನು ಅಮ್ಮನಿಗೆ ತೋರಿಸೋಣ ಎಂದು ತಿರುಗುತ್ತದೆ. ಅಮ್ಮ ಇಲ್ಲ. ಮೊದಲು ಅಳುವುದಿಲ್ಲ, ಹುಡುಕುತ್ತದೆ. ಬಾಗಿಲ ಹಿಂದೆ, ಬೆಂಚಿನ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ. ಆಮೇಲೆ ಬರುವ ಅಳು ಇದೆಯಲ್ಲ, ಅದು ಬೇರೆ ಥರ. ಹೇಳಿ ಹೋದಾಗಿನ ಅಳುವಿನಲ್ಲಿ ಸಿಟ್ಟು ಜಾಸ್ತಿ. ಜೋರಾಗಿ ಬರುತ್ತದೆ, ನಮ್ಮ ಆಯಾ ಎತ್ತಿಕೊಂಡು ಅಂಗಳದ ಬೆಕ್ಕು ತೋರಿಸಿದರೆ ಇಳಿಯುತ್ತದೆ. ಹೇಳದೆ ಹೋದಾಗಿನ ಅಳು ನಿಂತ ಹಾಗೆ ಮಾಡಿ, ಗೇಟು ಕಿರ್ ಎಂದಾಗಲೆಲ್ಲ ಮತ್ತೆ ಶುರುವಾಗುತ್ತದೆ.

ಮಾರನೆಯ ದಿನದ್ದು ಇನ್ನೂ ಬೇಜಾರು. ಆ ಮಗು ಮಣ್ಣನ್ನು ಮುಟ್ಟುವುದೇ ಇಲ್ಲ. ಯಾಕೆ ಮುಟ್ಟಬೇಕು? ನಿನ್ನೆ ಮಣ್ಣು ನೋಡುತ್ತಿದ್ದಾಗಲೇ ತಾನೇ ಅಮ್ಮ ಮಾಯವಾಗಿದ್ದು? ಇವತ್ತು ಅದು ಸೆರಗೋ ದುಪಟ್ಟಾವೋ ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತದೆ. ಆಟಕ್ಕೆ ಹೋಗು ಎಂದರೆ ಕಣ್ಣು ನಿಮ್ಮ ಮೇಲೇ. ಶಾಲೆಯಲ್ಲಿ ಮೈಮರೆತು ಆಡಬಾರದು ಎಂದು ಮೊದಲ ದಿನವೇ ನೀವೇ ಪಾಠ ಮಾಡಿ ಹೋಗಿದ್ದೀರಿ.

ಎಂಟು ತಿಂಗಳ ಕೂಸಿನ ಜೊತೆ ನಾವೆಲ್ಲ ಆಡುವ ಆಟ ನೆನಪಿಸಿಕೊಳ್ಳಿ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ತೆಗೆದು 'ಭೂ!' ಅನ್ನುವುದು. ಕೂಸು ಕೇಕೆ ಹಾಕುತ್ತದೆ. ಕಾಣದೆ ಹೋದದ್ದು ಇಲ್ಲವಾಗಿಲ್ಲ, ಮತ್ತೆ ಬರುತ್ತದೆ ಎಂದು ಅದು ಕಲಿಯುವ ವಯಸ್ಸು ಅದು. ಬಿಟ್ಟು ಹೋಗುವ ಭಯ ಶುರುವಾಗುವುದೂ ಹೆಚ್ಚುಕಡಿಮೆ ಆಗಲೇ. ಒಂದರಿಂದ ಒಂದೂವರೆ ವರ್ಷದ ಸುಮಾರಿಗೆ ಜೋರಾಗಿದ್ದು, ಮೂರರ ಹೊತ್ತಿಗೆ ಬಹಳಷ್ಟು ಮಕ್ಕಳಲ್ಲಿ ಇಳಿಯುತ್ತದೆ. ಎರಡು ವರ್ಷ 'ಭೂ' ಆಡಿಸಿ ಕಲಿಸಿದ್ದನ್ನು ಒಂದು ಬೆಳಿಗ್ಗೆ ಹಿಂಬಾಗಿಲಿನಲ್ಲಿ ಕಳೆಯಬೇಡಿ.

ಅತ್ತೆಯವರಿಗೆ ಒಂದು ಮಾತು ಹೇಳಿ. ಜಗಳಕ್ಕಲ್ಲ. 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು ಎಂದು ನಮಗೆ ಕಲಿಸಿದವರು ಅವರ ಕಾಲದವರೇ. ಹಾಲು ತರಲು ಹೊರಟರೂ ಹಾಗೇ ಹೇಳಬೇಕಿತ್ತು. ಮಗುವಿಗೆ ಬೇಕಿರುವುದು ಅದೇ ಎರಡು ಪದ. ಅದರಲ್ಲೂ ಎರಡನೆಯದು.

ಇಷ್ಟೆಲ್ಲ ಹೇಳುವ ನಾನೂ ಒಮ್ಮೆ ಕದ್ದು ಹೊರಟವಳೇ. ನನ್ನ ಮಗಳದು ಬೇರೆ ಶಾಲೆ. ಆ ದಿನ ಧೋ ಎಂದು ಮಳೆ. ನನ್ನ ಶಾಲೆಗೆ ನನಗೆ ಹೊತ್ತಾಗುತ್ತಿತ್ತು. ಅವಳು ಪ್ಲಾಸ್ಟಿಕ್ ಆನೆ ನೋಡುತ್ತಿದ್ದಳು, ನಾನು ಜಾರಿಕೊಂಡೆ. ಆಮೇಲೆ ಸುಮಾರು ಒಂದು ತಿಂಗಳು ಅವಳು ನನ್ನನ್ನು ಮನೆಯಲ್ಲೂ ಬಿಡಲಿಲ್ಲ. ಸ್ನಾನಕ್ಕೆ ಹೋದರೆ ಬಚ್ಚಲಮನೆ ಬಾಗಿಲ ಹೊರಗೆ ಕೂತು 'ಅಮ್ಮಾ, ಇದ್ದೀಯಾ?' ಎಂದು ಕೂಗುತ್ತಿದ್ದಳು. ನಾನು ತಲೆಗೆ ನೀರು ಹಾಕಿಕೊಳ್ಳುತ್ತಲೇ 'ಇದ್ದೀನಿ, ಇದ್ದೀನಿ' ಅನ್ನಬೇಕಿತ್ತು. ಮಕ್ಕಳ ಟೀಚರ್ ಅಂತೆ ನಾನು!

ಈಗ ಈ ಮೂಢನಂಬಿಕೆಯ ಇನ್ನೊಂದು ಕಾಲು ಮುರಿಯಬೇಕು. 'ಆಮೇಲೆ ಸುಮ್ಮನಾದಳು ಅಲ್ವಾ? ಅಂದರೆ ಹೊಂದಿಕೊಂಡಳು.' ಎಲ್ಲ ಸುಮ್ಮನೆಯೂ ಒಂದೇ ಅಲ್ಲ. 1952ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬಾತ, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದ ಹುಡುಗಿಯನ್ನು ಚಿತ್ರೀಕರಿಸಿ ತೋರಿಸಿದರು. ಆಗ ಅಲ್ಲಿ ಅಪ್ಪ ಅಮ್ಮ ಮಗುವಿನ ಜೊತೆ ಉಳಿಯುವಂತಿರಲಿಲ್ಲ. ಆ ಹುಡುಗಿ ಜಾಸ್ತಿ ಅಳಲಿಲ್ಲ. ಸುಮ್ಮನಿರುವ ಇಂಥ ಮಕ್ಕಳನ್ನು ಆಸ್ಪತ್ರೆಯವರು ಹೊಂದಿಕೊಂಡ ಮಕ್ಕಳು ಎಂದೇ ತಿಳಿದಿದ್ದರು. ಅದು ಹೊಂದಿಕೆಯಲ್ಲ, ಸೋತು ಕೂತಿದ್ದು ಎಂದು ರಾಬರ್ಟ್‌ಸನ್ ತೋರಿಸಿದಾಗ ದೊಡ್ಡ ದೊಡ್ಡ ಡಾಕ್ಟರುಗಳಿಗೇ ಸಿಟ್ಟು ಬಂತು. ಕೊನೆಗೆ 1959ರಲ್ಲಿ ಅಲ್ಲಿನ ಪ್ಲಾಟ್ ಸಮಿತಿ, ಅಪ್ಪ ಅಮ್ಮನನ್ನು ಯಾವ ಹೊತ್ತಿಗೆ ಬೇಕಾದರೂ ಒಳಗೆ ಬಿಡಿ ಎಂದು ಹೇಳಿತು. ಎರಡು ಗಂಟೆಯ ನಮ್ಮ ಪ್ರೀ-ಕೆಜಿಯನ್ನು ಎಂಟು ದಿನದ ಆಸ್ಪತ್ರೆಗೆ ಹೋಲಿಸಿ ಹೆದರಬೇಡಿ. ಮಗು ಸುಮ್ಮನಿತ್ತಾ ಎಂದು ಮಿಸ್ಸನ್ನು ಕೇಳುವ ಬದಲು ಆಡಿತಾ, ತಿಂದಿತಾ ಎಂದು ಕೇಳಿ. ಅಷ್ಟು ಸಾಕು.

ಜರ್ಮನಿಯ ಶಿಶುವಿಹಾರಗಳಲ್ಲಿ ಬರ್ಲಿನ್ ಪದ್ಧತಿ ಎಂದು ಒಂದಿದೆ. ಮೊದಲ ಮೂರು ದಿನ ಅಪ್ಪ ಅಥವಾ ಅಮ್ಮ ಮಗುವಿನ ಜೊತೆಯಲ್ಲೇ ಕೂತು, ಒಟ್ಟಿಗೇ ಮನೆಗೆ ಹೋಗುತ್ತಾರೆ. ನಾಲ್ಕನೆಯ ದಿನ ಸ್ವಲ್ಪ ಹೊತ್ತು ಬಿಟ್ಟು ನೋಡುತ್ತಾರೆ. ಆಗಲೂ ಮಗುವಿಗೆ ಹೇಳಿಯೇ ಹೊರಗೆ ಹೋಗಬೇಕು. ನಾಲ್ಕನೆಯ ದಿನ ಸೋಮವಾರ ಬಿದ್ದರೆ ಮಂಗಳವಾರಕ್ಕೆ ಹಾಕುತ್ತಾರೆ. ಶನಿವಾರ ಭಾನುವಾರ ಮನೆಯಲ್ಲಿದ್ದ ಮಗುವಿಗೆ ಸೋಮವಾರ ಕಷ್ಟ ಎಂದು. ಇದನ್ನು ಓದಿದಾಗ ನನಗೆ ಭಾರಿ ಸಮಾಧಾನವಾಯಿತು, ನಮ್ಮ ಆಯಾ ವರ್ಷಗಟ್ಟಲೆಯಿಂದ ಹೇಳುತ್ತಿದ್ದದ್ದೂ ಅದನ್ನೇ. ನಮ್ಮಲ್ಲಿ ಮೂರು ದಿನ ಒಳಗೆ ಕೂರಲು ಬಿಡುವ ಶಾಲೆ ಕಡಿಮೆ. ಬಿಟ್ಟರೆ ಕೂತುಕೊಳ್ಳಿ. ಬಿಡದಿದ್ದರೆ ಶಾಲೆ ಶುರುವಾಗುವ ಮೊದಲೇ ಎರಡು ಸಂಜೆ ಗೇಟಿನವರೆಗೆ ಕರೆದುಕೊಂಡು ಹೋಗಿ ಬನ್ನಿ.

ಹೇಳಿ ಹೊರಡುವುದು ಎಂದರೆ ಭಾಷಣವಲ್ಲ. ಕೂತು, ಮಗುವಿನ ಮುಖ ನೋಡಿ, 'ನೀನು ಆಡಿ, ಡಬ್ಬಿ ತಿಂದು, ಕೈ ತೊಳ್ಕೊಂಡು, ಬ್ಯಾಗ್ ಹಾಕ್ಕೋ. ಆಗ ಅಮ್ಮ ಬರ್ತಾಳೆ' ಎನ್ನಿ. ಹನ್ನೆರಡೂವರೆ ಎಂದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ, ಡಬ್ಬಿ ಗೊತ್ತಾಗುತ್ತದೆ. ಒಂದು ಮುತ್ತು, ಎದ್ದು ನಡೆಯಿರಿ. 'ಐದು ನಿಮಿಷಕ್ಕೆ ಬಂದೆ' ಅನ್ನಬೇಡಿ, ನೀವು ಬರುವುದಿಲ್ಲ. 'ಅತ್ತರೆ ಮಿಸ್ ಹೊಡೀತಾರೆ' ಅಂತೂ ಬೇಡವೇ ಬೇಡ. ನೀವು ಹೋದ ಮೇಲೆ ಅದು ಬಂದು ಅಳಬೇಕಾದದ್ದು ನನ್ನ ಭುಜದ ಮೇಲೆ ತಾನೇ? ಮತ್ತೆ, ಹೇಳಿ ಹೊರಟವರು ಕಿಟಕಿಯಲ್ಲಿ ಇಣುಕಬಾರದು. ಅಪ್ಪಂದಿರಿಗೆ ಇದು ವಿಶೇಷವಾಗಿ ಅನ್ವಯ. ಕಳೆದ ಜೂನಿನಲ್ಲಿ ಒಬ್ಬರು ನಾಲ್ಕು ಸಲ ಇಣುಕಿದರು. ಮಗು ನಾಲ್ಕು ಸಲ ಮೊದಲಿನಿಂದ ಅತ್ತಿತು. ಕೊನೆಗೆ ಕಣ್ಣೊರೆಸಿಕೊಂಡು ನೀರು ಕೇಳಿದವರು ಆ ಅಪ್ಪನೇ. ಅಳಬೇಕೆನಿಸಿದರೆ ಅಳಿ, ಅದರಲ್ಲಿ ನಾಚಿಕೆ ಏನಿಲ್ಲ. ಗೇಟು ದಾಟಿ ಅಳಿ.

ವಯಸ್ಸಿನ ವಿಷಯ ನೀವು ಕೇಳಿಲ್ಲ. ಆದರೆ ಮೂರು ವರ್ಷ ಎರಡು ತಿಂಗಳು ಎಂದು ಬರೆದದ್ದು ನೋಡಿ ನನಗೆ ಖುಷಿಯಾಯಿತು. ಎರಡು ತುಂಬುವುದರೊಳಗೆ ಸೀಟು ಕೇಳಿಕೊಂಡು ಬರುವವರಿದ್ದಾರೆ, ಅದಕ್ಕೇ. ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ನಮ್ಮ ರಾಜ್ಯದಲ್ಲಿ 2022ರಲ್ಲೇ ಆದೇಶವಾಗಿತ್ತು. ಬೇಗ ಸೇರಿಸಿದ್ದ ಮಕ್ಕಳು ಯುಕೆಜಿ ಮುಗಿಸಿ ನಡುವೆ ಸಿಕ್ಕಿಕೊಂಡರು. ಅಪ್ಪ ಅಮ್ಮಂದಿರು ಗಲಾಟೆ ಮಾಡಿದ ಮೇಲೆ 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಇಳಿಸಿದರು. ಹಾಗಾಗಿ ಹಿಂದಿನಿಂದ ಎಣಿಸಿ. ಒಂದನೇ ಕ್ಲಾಸಿಗೆ ಆರು, ಯುಕೆಜಿಗೆ ಐದು, ಎಲ್‌ಕೆಜಿಗೆ ನಾಲ್ಕು. ನಿಮ್ಮ ಲೆಕ್ಕ ಸರಿಯಾಗಿದೆ. ಎರಡು ವರ್ಷಕ್ಕೇ ದೂಡಿದರೆ ಅದೇ ಮಗು ಅದೇ ಯುಕೆಜಿಯಲ್ಲಿ ಎರಡು ಸಲ ಕೂರಬೇಕಾಗುತ್ತದೆ, ಫೀಸು ಕೂಡ ಎರಡು ಸಲ.

ಇನ್ನೊಂದು. ಸುಸ್ಸು ಬಂದರೆ ಅವಳು ಮನೆಯಲ್ಲಿ ಏನನ್ನುತ್ತಾಳೆ ಎಂದು ಮಿಸ್‌ಗೆ ಹೇಳಿ ಹೋಗಿ. ಒಬ್ಬ ಹುಡುಗ ಮೂರು ದಿನ 'ಜೋಜೋ' ಅನ್ನುತ್ತಿದ್ದ. ನಿದ್ದೆ ಬಂತೇನೋ ಎಂದು ನಾವು ಚಾಪೆ ಹಾಸುತ್ತಿದ್ದೆವು. ಮೂರು ಚಾಪೆ ಒಗೆದ ಮೇಲೆ ಅವನ ಅಜ್ಜಿ ಬಂದು ಅರ್ಥ ಹೇಳಿದರು.