ಬೂಷ್ಟು ಹಿಡಿದದ್ದು ಎಲ್ಲಿ?

ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ಚೀಲದ ಬಾಯಿಯಲ್ಲಿರುವುದನ್ನು ಯಾರೂ ನಂಬುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಮೂಸಿ, ಅಡಕತ್ತರಿಯಲ್ಲಿ ಒಂದನ್ನು ಸೀಳುತ್ತಾರೆ. ಒಳಗೆ ಬೂಷ್ಟು ಕಂಡರೆ ದರ ಅಲ್ಲೇ ಬಿತ್ತು. ಆ ಬೂಷ್ಟು ನಮ್ಮ ಅಂಗಳದಲ್ಲಿ ಹಿಡಿದದ್ದೋ, ರೈಲಿನ ವ್ಯಾಗನ್ನಿನಲ್ಲಿ ಹಿಡಿದದ್ದೋ? ಸರಕು ಕೆಟ್ಟರೆ ರೈಲ್ವೆ ಎಷ್ಟರಮಟ್ಟಿಗೆ ಹೊಣೆ ಎಂಬ ತಕರಾರು ನೂರು ವರ್ಷದಿಂದ ಈ ಪ್ರಶ್ನೆಯನ್ನೇ ಸುತ್ತುತ್ತಿದೆ.

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ಎಂಬ ಕಿರಿಯ ಅಗಲದ ಹಳಿ ಬಂದದ್ದು 1899ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲು ಆಗಿದ್ದ 1890ರ ರೈಲ್ವೆ ಕಾಯ್ದೆಯ ಕಣ್ಣಿನಲ್ಲಿ ರೈಲ್ವೆಯೆಂದರೆ ನಾವು ಸಾಮಾನು ಇಡಲು ಕೊಟ್ಟ ಪಕ್ಕದ ಮನೆಯವನಿದ್ದ ಹಾಗೆ. ತನ್ನದನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ನೋಡಿಕೊಂಡರೆ ಸಾಕು. ಈ ಲೆಕ್ಕ ಬದಲಾಗಲು 1962ರ ಜನವರಿ 1ರವರೆಗೆ ಕಾಯಬೇಕಾಯಿತು. ಅಂದಿನಿಂದ ಸರಕು ಹಾಳಾದರೆ ರೈಲ್ವೆಯೇ ಹೊಣೆ. ಪ್ರಕೃತಿ ವಿಕೋಪ, ಯುದ್ಧ, ಸರಕಿನದೇ ಒಳದೋಷ ಇಂಥ ಕೆಲವು ಕಾರಣ ತೋರಿಸಿದರೆ ಮಾತ್ರ ವಿನಾಯಿತಿ. ತೋರಿಸಿದ ಮೇಲೂ ತಾನು ಎಚ್ಚರ ತಪ್ಪಿರಲಿಲ್ಲವೆಂದು ಅದೇ ಸಾಬೀತು ಮಾಡಬೇಕು.

ಕಾನೂನಿನಲ್ಲಿ ಹೀಗಿತ್ತು. ಗೂಡ್ಸ್ ಶೆಡ್ಡಿನ ಮಾತು ಬೇರೆ.

ಮೀಟರ್ ಗೇಜಿನ ಕಾಲದಲ್ಲಿ ಉತ್ತರಕ್ಕೆ ಹೊರಟ ಚೀಲ ದಾರಿಯಲ್ಲಿ ಬ್ರಾಡ್ ಗೇಜಿನ, ಅಂದರೆ ಅಗಲ ಹಳಿಯ, ವ್ಯಾಗನ್ನಿಗೆ ಬದಲಾಗಲೇಬೇಕಿತ್ತು. ಹಮಾಲರು ಕೊಕ್ಕೆ ಹಾಕಿ ಎಳೆಯುತ್ತಿದ್ದರು, ಗೋಣಿ ಹರಿಯುತ್ತಿತ್ತು, ಮಳೆಗಾಲವಾದರೆ ಪ್ಲಾಟ್‌ಫಾರಂ ಮೇಲೇ ನೆನೆಯುತ್ತಿತ್ತು. ಮಂಡಿ ಗುಮಾಸ್ತರಾಗಿದ್ದ ನಮ್ಮ ದೊಡ್ಡಪ್ಪ ಶೆಡ್ಡಿಗೆ ಹೋಗುವಾಗ ಕೊಡೆ ಮರೆತರೂ ದಬ್ಬಣ, ಸುತಲಿ ಮರೆಯುತ್ತಿರಲಿಲ್ಲ. ಸಡಿಲ ಕಂಡ ಹೊಲಿಗೆಯನ್ನೆಲ್ಲ ಅಲ್ಲೇ ಕೂತು ಬಿಗಿಯುತ್ತಿದ್ದರು. ಕಾರಣವಿಷ್ಟೇ: ಸರಕಿನ ಜೊತೆ ಕೊಡುವ ಫಾರ್ವರ್ಡಿಂಗ್ ನೋಟಿನಲ್ಲಿ ‘ಹೊಲಿಗೆ ಸರಿಯಿಲ್ಲ’ ಎಂದು ಒಂದು ಷರಾ ಬಿದ್ದು, ಅದಕ್ಕೆ ನಮ್ಮವರದೇ ಸಹಿ ಆಯಿತೋ, ರೈಲ್ವೆಯ ತಪ್ಪನ್ನು ಸಾಬೀತು ಮಾಡುವ ಭಾರ ನಮ್ಮ ತಲೆಗೇ ಬಂತು. ಬಾಡಿಗೆ ಕಡಿಮೆಯೆಂದು ‘ಓನರ್ಸ್ ರಿಸ್ಕ್’, ಅಂದರೆ ಮಾಲೀಕನ ಹೊಣೆಯ, ದರ ಒಪ್ಪಿಕೊಂಡರೂ ಅದೇ ಗತಿ. ಎಲ್ಲೋ ನೂರಾರು ಮೈಲಿ ಆಚೆ ವ್ಯಾಗನ್ನಿನ ಸೂರು ಸೋರಿದ್ದನ್ನು ತೀರ್ಥಹಳ್ಳಿಯ ಬೆಳೆಗಾರ ಸಾಬೀತು ಮಾಡುವುದು ಹೇಗೆ?

1989ರ ಹೊಸ ರೈಲ್ವೆ ಕಾಯ್ದೆ ಇದನ್ನೆಲ್ಲ ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡಿತು. ಅದೇ ವರ್ಷ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಶುರುವಾಗಿ, ಈ ವ್ಯಾಜ್ಯಗಳು ಸಿವಿಲ್ ಕೋರ್ಟಿನಿಂದ ಅಲ್ಲಿಗೆ ಹೋದವು. ನಮಗೆ ಹತ್ತಿರದ ಪೀಠವೆಂದರೆ ಬೆಂಗಳೂರಿನದು. ಅಲ್ಲಿಗೆ ಹೋಗುವ ಮೊದಲು, ಸರಕನ್ನು ಸಾಗಣೆಗೆ ರೈಲ್ವೆಗೆ ಒಪ್ಪಿಸಿದ ಆರು ತಿಂಗಳೊಳಗೆ ಅದಕ್ಕೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಮೌಲ್ಯ ಬರೆಸಿ ಹೆಚ್ಚುವರಿ ಶುಲ್ಕ ಕಟ್ಟಿರದಿದ್ದರೆ ಪರಿಹಾರಕ್ಕೂ ಮಿತಿಯುಂಟು. 1990ರ ನಿಯಮ ಅದನ್ನು ಕೆಜಿಗೆ 50 ರೂಪಾಯಿ ಎಂದಿತು. ‘ರಾಶಿ’ ದರ್ಜೆಯ ಅಡಿಕೆ ಕ್ವಿಂಟಲಿಗೆ 50,000ದ ಆಸುಪಾಸು ಇದ್ದರೆ ಅದು ಹತ್ತರಲ್ಲಿ ಒಂದು ಪಾಲು.

1990ರ ದಶಕದಲ್ಲಿ ಶಿವಮೊಗ್ಗದ ಹಳಿಯೂ ಬ್ರಾಡ್ ಗೇಜ್ ಆಯಿತು, ಕೊಕ್ಕೆಯ ಕಾಟ ತಪ್ಪಿತು. ಅಷ್ಟರಲ್ಲಿ ಅಡಿಕೆ ಬಹುಪಾಲು ಲಾರಿ ಹತ್ತಿಯಾಗಿತ್ತು. ಈಗಲೂ ರೈಲಿನಲ್ಲಿ ಸರಕು ತರಿಸುವವರು ಚೀಲ ಒದ್ದೆ ಕಂಡರೆ ಅಲ್ಲೇ ‘ಓಪನ್ ಡೆಲಿವರಿ’ ಕೇಳಿ, ಅಧಿಕಾರಿಯ ಎದುರೇ ಬಿಚ್ಚಿಸಬೇಕು. ಸಾಗಣೆ ಮುಗಿದ ಮೇಲೆ ರೈಲ್ವೆಯ ಹೊಣೆ ಇನ್ನು ಏಳು ದಿನ ಮಾತ್ರ, ಅದೂ 1890ರ ಆ ಪಕ್ಕದ ಮನೆಯವನದಷ್ಟೇ.