ಹೊಳೆದಂಡೆಗೆ ಮೊದಲು ಹುಲ್ಲು, ಆಮೇಲೆ ಮರ

ಕಾವೇರಿಯ ದಂಡೆ ಕುಸಿದ ಕಡೆ ಊರವರೆಲ್ಲ ಸೇರಿ ಜೂನ್‌ನಲ್ಲಿ ನೀರಿನಂಚಿಗೇ ಗಿಡ ನೆಡುವುದುಂಟು. ಜುಲೈ, ಆಗಸ್ಟ್‌ನಲ್ಲಿ ಕೊಡಗಿನ ಮಳೆ ಜೋರಾಗಿ ಹೊಳೆ ತುಂಬಿ ಬಂದರೆ ಅಷ್ಟೂ ಕೊಚ್ಚಿಹೋಗುತ್ತವೆ. ಮುಂಗಾರಿನಲ್ಲಿ ನೆಡುವುದಾದರೆ ನೆರೆಯ ಗುರುತಿಗಿಂತ ಮೇಲೆ ನೆಡಿ. ದಂಡೆಯ ಬುಡದ ಕೆಲಸ ನೆರೆ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಗೆ ಶುರುವಾಗಲಿ.

ಬುಡಕ್ಕೆ ಮರ ಬೇಡ, ಲಾವಂಚದ ಹುಲ್ಲು ಮತ್ತು ಲಕ್ಕಿ ಪೊದೆ ಸಾಕು. ಲಾವಂಚದ ಬುಡ ಒಡೆದು, ಎರಡು ಮೂರು ತೆಂಡೆ (ಬುಡದಿಂದ ಒಡೆದ ಮರಿ) ಒಟ್ಟಿಗಿರುವಂತೆ ಬಿಡಿಸಿ, ಎಲೆಯನ್ನು 20 ಸೆಂ.ಮೀ.ಗೆ ಕತ್ತರಿಸಿ, ಇಳಿಜಾರಿಗೆ ಅಡ್ಡಲಾಗಿ 10ರಿಂದ 15 ಸೆಂ.ಮೀ.ಗೊಂದರಂತೆ ಸಾಲು ಹಿಡಿಯಬೇಕು. ಅಂತರ ಹೆಚ್ಚಾದರೆ ನೀರು ಆ ಸಂದಿಯಲ್ಲೇ ಕೊರೆಯುತ್ತದೆ. ಲಕ್ಕಿಗೆ ಹೆಬ್ಬೆರಳು ದಪ್ಪದ, ಎರಡಡಿ ಉದ್ದದ ಹಸಿ ಗೂಟ. ಮೂರರಲ್ಲಿ ಎರಡು ಪಾಲು ಮಣ್ಣೊಳಗೆ, ಕಣ್ಣು ಮೇಲ್ಮುಖ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೆ ಲಕ್ಕಿಯ ತಂಟೆಗೆ ಅದು ಹೋಗುವುದು ಕಡಿಮೆ.

ಹೊಳೆಮತ್ತಿ, ಹೊಂಗೆ, ನೇರಳೆ ಮೇಲಿನ ದಂಡೆಯ ಮರಗಳು. ಸಮತಟ್ಟಿನಲ್ಲಿ 45 ಸೆಂ.ಮೀ. ಗುಂಡಿ ಸರಿ, ಇಳಿಜಾರಿನಲ್ಲಿ 30 ಸಾಕು. ದೊಡ್ಡ ಗುಂಡಿ ತೋಡಿದರೆ ಸಡಿಲ ಮಣ್ಣು ನೀರು ಕುಡಿದು ಗಿಡದ ಸಮೇತ ಜಾರುತ್ತದೆ. ಗೋಡೆಯಂತೆ ಕಡಿದಾದ ದಂಡೆಯ ತುದಿಗೆ ಮರ ಕೂರಿಸಬೇಡಿ. ಬೆಳೆದ ಮೇಲೆ ಅದು ಗಾಳಿಗೆ ಓಲಾಡಿ, ಉರುಳುವಾಗ ದಂಡೆಯನ್ನೂ ಕಿತ್ತುಕೊಂಡೇ ಹೋಗುತ್ತದೆ. ಹೊಳೆ ತಿರುಗುವಲ್ಲಿ ಸೆಳೆತ ಬಡಿಯುವ ಹೊರಮಗ್ಗುಲಿಗೆ ಗಿಡವೊಂದೇ ಸಾಲದು, ಮೊದಲು ಬುಡಕ್ಕೆ ಕಲ್ಲು ಕಟ್ಟಬೇಕು. ಅಲ್ಲೇ ಮರಳು ತೆಗೆಯುತ್ತಿದ್ದರೆ ಕಲ್ಲೂ ನಿಲ್ಲದು.

ಇಷ್ಟಕ್ಕೂ ಮೊದಲು ಹದ್ದುಬಸ್ತು, ಅಂದರೆ ಜಾಗದ ಗಡಿ ಅಳತೆ ಮಾಡಿಸಿ. ದಂಡೆ ಬಿ ಖರಾಬೋ (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ), ಯಾರದೋ ಹಿಡುವಳಿಯೋ ಗೊತ್ತಿಲ್ಲದೆ ನೆಟ್ಟರೆ ಮೂರನೇ ವರ್ಷ ಫಲ ಯಾರಿಗೆಂಬ ಜಗಳ ಖಂಡಿತ.

ದಂಡೆ ಉಳಿಯುವುದು ಮೊದಲ ವರ್ಷದಿಂದಲೇ ಯಾರಿಗಾದರೂ ಅದರಿಂದ ನಾಲ್ಕು ಕಾಸು ಸಿಕ್ಕರೆ. ಹೊಂಗೆ ಬೀಜಕ್ಕೆ ಐದಾರು ವರ್ಷ ಕಾಯಬೇಕು, ಅಷ್ಟರಲ್ಲಿ ಕಾವಲು ಸಡಿಲವಾಗಿರುತ್ತದೆ. ಆದ್ದರಿಂದ ಮೇಲಿನ ಸಾಲುಗಳ ನಡುವೆ ಮೇವಿನ ಹುಲ್ಲು ಹಾಕಿ, ಕೊಯ್ದು ಒಯ್ಯುವ ಹಕ್ಕನ್ನು ಸ್ತ್ರೀಶಕ್ತಿ ಸಂಘಕ್ಕೆ ಪಂಚಾಯಿತಿಯ ನಿರ್ಣಯದಲ್ಲಿ ಬರೆಸಿಕೊಡಿ. ದನ ಬಿಟ್ಟು ಮೇಯಿಸುವುದಕ್ಕೆ ಆ ಹೆಂಗಸರೇ ತಡೆಯಾಗುತ್ತಾರೆ. ಮುಳ್ಳುತಂತಿಗಿಂತ ಇದು ಅಗ್ಗ. ಎರಡನೇ ವರ್ಷದಿಂದ ಲಕ್ಕಿ ಕಡ್ಡಿ ಬುಟ್ಟಿ ಹೆಣೆಯುವವರಿಗೆ ಸಿಗುತ್ತದೆ, ಕತ್ತರಿಸಿದಷ್ಟೂ ಚಿಗುರುತ್ತದೆ.

ಒಂದು ಅಪಾಯವಿದೆ. ಲಾವಂಚಕ್ಕೆ ಬೆಲೆಯಿರುವುದು ಬೇರಿನಲ್ಲಿ, ಬೇರು ಕೀಳುವುದೆಂದರೆ ದಂಡೆಯನ್ನೇ ಅಗೆಯುವುದು. ದಂಡೆಯ ಲಾವಂಚದಿಂದ ಎಲೆ ಮಾತ್ರ ಕೊಯ್ಯಬೇಕು. ಬೇರಿನ ಆಸೆಯಿರುವವರು ಬೇರೆ ಹೊಲದಲ್ಲಿ ಬೆಳೆದುಕೊಳ್ಳಲಿ. ಹೊಳೆಮತ್ತಿಯ ತೊಗಟೆಗೂ ಹೀಗೇ: ಒಂದು ಮಗ್ಗುಲಲ್ಲಿ ಪಟ್ಟಿಯಷ್ಟೇ ತೆಗೆಯಬೇಕು, ಸುತ್ತಲೂ ಸುಲಿದರೆ ಮರ ಒಣಗುತ್ತದೆ. ಈ ಎರಡು ಕಟ್ಟುಪಾಡನ್ನೂ ಅದೇ ನಿರ್ಣಯದಲ್ಲಿ ಸೇರಿಸಿ.